ತೋಟ ಮಾರಾಟಕ್ಕಿದೆ, ಬೆಟ್ಟ ಯಾರದು?

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಜಮೀನಿನ ಜಾಹೀರಾತುಗಳು ಈಚೆಗೆ ವಿಡಿಯೊಗಳಾಗಿ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿವೆ. ಡ್ರೋನ್ ಮೇಲೇರುತ್ತದೆ. ಕಣಿವೆಯ ತಳದಲ್ಲಿ ಅಡಿಕೆ ತೋಟ, ತೋಟದ ತಲೆಗೆ ಹೆಂಚಿನ ಮನೆ, ಬದಿಯಲ್ಲಿ ಹಳ್ಳ, ಮೂರು ದಿಕ್ಕಿಗೂ ಕಣ್ಣು ಹೋದಷ್ಟು ದೂರ ಹಸಿರು ಗುಡ್ಡ. ಕೆಳಗೆ ಎರಡು ಸಾಲು: ನೀರಿದೆ, ರಸ್ತೆಯಿದೆ, ಹೋಂಸ್ಟೇಗೆ ಹೇಳಿ ಮಾಡಿಸಿದ ಜಾಗ. ನೋಡಿದವರಿಗೆ ಇಡೀ ಗುಡ್ಡವೇ ಮಾರಾಟಕ್ಕಿದೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಪಹಣಿ ತೆಗೆಸಿ ನೋಡಿದರೆ ಲೆಕ್ಕ ಬೇರೆಯೇ ಇರುತ್ತದೆ. ಬಾಗಾಯತ ಒಂದೂವರೆ ಎಕರೆ, ಮನೆಯ ಜಾಗ ಕೆಲವು ಗುಂಟೆ, ಗದ್ದೆಯಿದ್ದರೆ ಇನ್ನಷ್ಟು ಗುಂಟೆ. ಡ್ರೋನ್ ತೋರಿಸಿದ ಹಸಿರಿನಲ್ಲಿ ಮುಕ್ಕಾಲು ಪಾಲು ಮಾರುವವರದ್ದಲ್ಲ.

ಬೆಂಗಳೂರಿನಿಂದ ಬಂದ ಗಿರಾಕಿ ಅಂಗಳದಲ್ಲಿ ನಿಂತು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ಹೆಗಡೆಯವರೇ, ಈ ಗುಡ್ಡ ಎಲ್ಲಾ ನಿಮ್ದೇನಾ?" ಮನೆಯ ಯಜಮಾನರು ಕೊಡುವ ಉತ್ತರವೂ ಹೆಚ್ಚುಕಡಿಮೆ ಒಂದೇ. "ಅಜ್ಜನ ಕಾಲದಿಂದ ನಾವೇ ನೋಡ್ಕಂಡು ಬಂದಿದ್ದು. ಆದ್ರೆ ಮಾಲ್ಕಿ ಅಲ್ಲ." ಈ ಉತ್ತರದ ಎರಡು ವಾಕ್ಯಗಳ ನಡುವೆ ಮೂರು ತಾಲ್ಲೂಕುಗಳ ಇನ್ನೂರು ವರ್ಷಗಳ ಭೂಮಿಯ ಕಥೆಯಿದೆ. ಕೊಳ್ಳುವವರು ಅದನ್ನು ಅರಿಯದೆ ಮುಂಗಡ ಕೊಡಬಾರದು. ಮಾರುವವರು ಅದನ್ನು ಹೇಳದೆ ಮುಂಗಡ ಪಡೆಯಬಾರದು.

ಇಲ್ಲಿನ ತೋಟ ಬಯಲಿನ ತೋಟದ ಹಾಗಲ್ಲ. ಎರಡು ಗುಡ್ಡ ಕೂಡುವ ಸಂದಿಯಲ್ಲಿ, ನೀರು ಇಳಿದು ಬರುವ ಜಾಡಿನಲ್ಲಿ, ಅಗಲ ಕಡಿಮೆಯಾಗಿ ಉದ್ದಕ್ಕೆ ಹೋಗುತ್ತದೆ. ಅಡಿಕೆ ಮರ, ಮರಕ್ಕೆ ಹಬ್ಬಿದ ಕಾಳುಮೆಣಸು, ನಡುವೆ ಬಾಳೆ, ನೆರಳಲ್ಲಿ ಏಲಕ್ಕಿ; ಸಾಲುಗಳ ನಡುವೆ ಬಸಿಗಾಲುವೆ. ಕಾಲುವೆ ಮುಚ್ಚಿತೆಂದರೆ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ, ಹೆಚ್ಚು ಆಳವಾಯಿತೆಂದರೆ ಬೇಸಿಗೆಯಲ್ಲಿ ತೇವ ನಿಲ್ಲುವುದಿಲ್ಲ. ಇಷ್ಟು ಮಳೆ ಬೀಳುವ ಇಳಿಜಾರಿನಲ್ಲಿ ಮಣ್ಣಿನ ಸಾರ ತೊಳೆದು ಹೋಗದೆ ಉಳಿದಿರುವುದಕ್ಕೆ ಕಾರಣ ಮೇಲಿನ ಬೆಟ್ಟ. ಎಲೆ ಉದುರುವ ಕಾಲದಲ್ಲಿ ಬೆಟ್ಟಕ್ಕೆ ಹೋಗಿ ದರಕು (ಒಣ ತರಗೆಲೆ) ಗುಡಿಸಿ, ಹೊರೆ ಕಟ್ಟಿ ತಂದು ಕೂಡಿಡುತ್ತಾರೆ. ಅದು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಿಗೆಯಾಗಿ, ಸಗಣಿ ಗಂಜಲದೊಡನೆ ಬೆರೆತು ಗೊಬ್ಬರವಾಗಿ ತೋಟಕ್ಕಿಳಿಯುತ್ತದೆ. ಮತ್ತಿ, ಹೊನಗಲು, ಜಂಬೆ, ನೇರಳೆ ಮರಗಳ ಹಸಿ ಸೊಪ್ಪನ್ನು ಕಡಿದು ತಂದು ಅಡಿಕೆಯ ಬುಡಕ್ಕೆ ಹೊದಿಸಿ ಮಣ್ಣು ಕೊಡುತ್ತಾರೆ. ದನ ಮೇಯುವುದು ಬೆಟ್ಟದ ಮತ್ತು ಬೇಣವೆಂಬ ಹುಲ್ಲುಗಾವಲಿನ ಹುಲ್ಲನ್ನು. ಒಲೆಗೆ ಕಟ್ಟಿಗೆ ಬರುವುದು ಅಲ್ಲಿಂದ. ಉಪ್ಪಿನಕಾಯಿಯ ಅಪ್ಪೆಮಿಡಿ, ಪಾನಕದ ಮುರುಗಲು, ಮೀನು ಸಾರಿಗೆ ಕರಾವಳಿಯವರು ಕೇಳಿ ಕೊಳ್ಳುವ ಉಪ್ಪಾಗೆ ಕೂಡ ಅಲ್ಲಿಯದೇ.

ನೀರಂತೂ ಪೂರ್ತಿ ಬೆಟ್ಟದ್ದೇ. ಮೇಲೆಲ್ಲೋ ಬಂಡೆಯ ಬುಡದಲ್ಲಿ ಒಸರುವ ಅಬ್ಬಿಯನ್ನು ಹಿಂದೆ ಅಡಿಕೆ ಮರದ ದಂಬೆಯಲ್ಲಿ ಹಾಯಿಸಿ ಮನೆಯ ಬಚ್ಚಲವರೆಗೆ ತರುತ್ತಿದ್ದರು. ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳು ಕೆರೆದು, ಕವೆಗೋಲಿನ ಮೇಲೆ ಒಂದರ ಬಾಯಿಗೆ ಇನ್ನೊಂದರ ತಲೆ ಕೂಡಿಸಿ ಅರ್ಧ ಮೈಲಿ ದೂರದಿಂದಲೂ ನೀರು ತಂದ ಮನೆಗಳಿವೆ. ಈಗ ದಂಬೆಯ ಜಾಗದಲ್ಲಿ ಕಪ್ಪು ಪೈಪು ಬಂದಿದೆ. ವಿದ್ಯುತ್ ಇಲ್ಲದೆ, ಪಂಪ್ ಇಲ್ಲದೆ ನೀರು ಇಳಿದು ಬರುವುದು ಹಾಗೇ ಇದೆ. ಬೆಟ್ಟ ಬೋಳಾದ ಕಡೆ ಮಾರ್ಚ್ ಕಳೆಯುವುದರೊಳಗೆ ಪೈಪು ಬರೀ ಗಾಳಿ ಬಿಡುತ್ತದೆ.

ಇಷ್ಟೆಲ್ಲ ಕೊಡುವ ಬೆಟ್ಟ ಸರ್ಕಾರದ್ದು, ಅರಣ್ಯಭೂಮಿ. ತೋಟದ ಒಡೆಯರಿಗೆ ಅದರ ಮೇಲಿರುವುದು ಸವಲತ್ತು ಮಾತ್ರ. ಈ ಮೂರು ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದಿದೆ. ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು, ದನ ಮೇಯಿಸಬಹುದು, ಸ್ವಂತ ಬಳಕೆಗೆ ಕಟ್ಟಿಗೆ ತರಬಹುದು. ಮರ ಕಡಿದು ಮಾರುವಂತಿಲ್ಲ, ಸಾಗುವಳಿ ಮಾಡುವಂತಿಲ್ಲ, ಮನೆ ಕಟ್ಟುವಂತಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಂ ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾಣೆ, ಹಳೇ ಮೈಸೂರಿನ ಕಾನು ಮತ್ತು ಸೊಪ್ಪಿನಬೆಟ್ಟಗಳನ್ನು ಒಟ್ಟಿಗೆ ಹೆಸರಿಸಿ, ರೂಢಿಯಿಂದ ನಡೆದುಬಂದ ಇಂಥ ಸವಲತ್ತುಗಳು ಮುಂದುವರಿಯುತ್ತವೆ ಎಂದಿದೆ. ಆದರೆ ಸರ್ಕಾರ ಕಾಲಕಾಲಕ್ಕೆ ಹೊರಡಿಸುವ ಆದೇಶಗಳಿಗೆ ಒಳಪಟ್ಟು. ಈ ಕೊನೆಯ ಮಾತು ಸಣ್ಣದಲ್ಲ. ಕೆಲವು ವರ್ಷಗಳ ಹಿಂದೆ ಪಹಣಿಯಲ್ಲಿ ಬೆಟ್ಟಭೂಮಿಯೆದುರು 'ಬ ಖರಾಬು', ಅಂದರೆ ಸಾರ್ವಜನಿಕ ಉಪಯೋಗಕ್ಕೆ ಮೀಸಲಾದ ಜಾಗ, ಎಂದು ನಮೂದಾದಾಗ ಜಿಲ್ಲೆಯ ತೋಟಿಗರು ಗಾಬರಿಬಿದ್ದದ್ದು ಇದೇ ಕಾರಣಕ್ಕೆ.

ಸವಲತ್ತಿನ ಬೇರು ಬ್ರಿಟಿಷರಿಗಿಂತ ಹಳೆಯದು. ಟಿಪ್ಪುವಿನ ಪತನವಾದ ಮೇಲೆ, 1801ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಸೋದೆ, ಶಿರಸಿ, ಯಲ್ಲಾಪುರದ ದಾರಿಯಲ್ಲಿ ನಡೆದು, ಹವ್ಯಕರ ಅಡಿಕೆ, ಮೆಣಸು, ಏಲಕ್ಕಿ ತೋಟಗಳನ್ನು ವಿವರವಾಗಿ ಬರೆದಿಟ್ಟ. ಈ ಜಿಲ್ಲೆಯ ಕಾಡುಗಳು ಊರದೇವರ ಆಸ್ತಿಯೆಂದು ಜನ ಹೇಳುವುದನ್ನೂ, ಊರಗೌಡನ ಒಪ್ಪಿಗೆಯಿಲ್ಲದೆ ಮರ ಕಡಿಯುವಂತಿಲ್ಲ ಎಂಬುದನ್ನೂ ದಾಖಲಿಸಿದ. ಅದು ಕಂಪನಿ ಸರ್ಕಾರದ ವಿರುದ್ಧ ಪ್ರಜೆಗಳು ಹೂಡಿದ ಉಪಾಯ ಎಂಬ ಅನುಮಾನ ಅವನಿಗಿತ್ತು. ಊರವರಿಗೆ ಅದು ನಿಜವಾದ ಕಟ್ಟಳೆಯಾಗಿತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು. 1878ರ ಅರಣ್ಯ ಕಾಯ್ದೆಯ ನಂತರ ಗುಡ್ಡಗಳೆಲ್ಲ ಒಂದೊಂದಾಗಿ ಸರ್ಕಾರದ ಕಾಡಾದವು. ಸಾಗುವಾನಿಯ ಮೇಲೆ ಕಣ್ಣಿಟ್ಟ ಇಲಾಖೆಗೂ ಒಂದು ವಿಷಯ ತಳ್ಳಿಹಾಕಲು ಆಗಲಿಲ್ಲ: ಸೊಪ್ಪಿಲ್ಲದೆ ತೋಟವಿಲ್ಲ, ತೋಟವಿಲ್ಲದೆ ಕಂದಾಯವಿಲ್ಲ. ಹಾಗಾಗಿ ತೋಟದ ಸರ್ವೆ ನಂಬರಿಗೆ ಬೆಟ್ಟವನ್ನು ಲಗತ್ತಿಸಿ ಕೊಟ್ಟರು.

ಜಗತ್ತಿನ ಆಚೆ ತುದಿಯಲ್ಲೂ ಇಂಥದೇ ಒಂದು ಏರ್ಪಾಡಿದೆ. ಅಮೆರಿಕದ ಪಶ್ಚಿಮದ ಪರ್ವತ ಸೀಮೆಯಲ್ಲಿ ರ್‍ಯಾಂಚ್ ಎಂದು ಕರೆಯುವ ಭಾರಿ ಗೋಮಾಳದ ಎಸ್ಟೇಟುಗಳು ಮಾರಾಟಕ್ಕೆ ಬರುತ್ತವೆ. 2021ರ ಡಿಸೆಂಬರಿನಲ್ಲಿ ಮಾಧ್ಯಮ ದೊರೆ ರೂಪರ್ಟ್ ಮರ್ಡೋಕ್ ಮೊಂಟಾನಾ ರಾಜ್ಯದ ಬೀವರ್‌ಹೆಡ್ ರ್‍ಯಾಂಚನ್ನು ಕೋಕ್ (Koch) ಇಂಡಸ್ಟ್ರೀಸ್ ಕಂಪನಿಯಿಂದ 20 ಕೋಟಿ ಡಾಲರಿಗೆ ಕೊಂಡರು. ಸುದ್ದಿಯಲ್ಲಿ ಬಂದ ವಿಸ್ತೀರ್ಣ 3,40,000 ಎಕರೆ. ಅದರಲ್ಲಿ ದೊಡ್ಡ ಪಾಲು ಖಾತೆ ಜಮೀನಲ್ಲ, ಮೇಯಿಸಲು ಗುತ್ತಿಗೆಗೆ ಪಡೆದ ಸರ್ಕಾರಿ ಭೂಮಿ. 1934ರ ಟೇಲರ್ ಮೇಯುವಳಿ ಕಾಯ್ದೆಯ ಪ್ರಕಾರ ಆ ಪರವಾನಗಿ ಮೂಲ ಜಮೀನಿಗೆ ಅಂಟಿಕೊಂಡಿರುತ್ತದೆ, ಆದರೆ ಅದರಿಂದ ನೆಲದ ಮೇಲೆ ಯಾವ ಒಡೆತನವೂ ಹುಟ್ಟುವುದಿಲ್ಲ. ಅಲ್ಲಿ ಕೊಳ್ಳುವವರ ವಕೀಲರು ಮೊದಲು ಕೇಳುವುದೇ ಖಾತೆ ಎಕರೆ ಎಷ್ಟು, ಗುತ್ತಿಗೆ ಎಕರೆ ಎಷ್ಟು ಎಂದು. ಒಂದೂವರೆ ಎಕರೆ ತೋಟಕ್ಕೂ ಆ ಪ್ರಶ್ನೆ ಅಷ್ಟೇ ಸಲ್ಲುತ್ತದೆ.

ಇಲ್ಲಿ ಭಾರಿ ಎಸ್ಟೇಟುಗಳು ಬೆಳೆಯದಿರುವುದಕ್ಕೆ ನೆಲದ ಆಕಾರವೇ ಮುಖ್ಯ ಕಾರಣ; ಕಣಿವೆ ಇದ್ದಷ್ಟೇ ತೋಟ. ಅದರ ಮೇಲೆ ಕಾನೂನೂ ಸೇರಿದೆ. 1961ರ ಭೂಸುಧಾರಣಾ ಕಾಯ್ದೆ ಕಾಫಿ, ಚಹಾ, ರಬ್ಬರ್, ಏಲಕ್ಕಿ, ಮೆಣಸಿನ ಪ್ಲಾಂಟೇಷನ್‌ಗಳಿಗೆ ಭೂಮಿತಿಯಿಂದ ವಿನಾಯಿತಿ ಕೊಟ್ಟಿತು. ಅಡಿಕೆ ಆ ಪಟ್ಟಿಯಲ್ಲಿಲ್ಲ. ಚಿಕ್ಕಮಗಳೂರು, ಕೊಡಗಿನಲ್ಲಿ ನೂರಾರು ಎಕರೆಯ ಎಸ್ಟೇಟು ಕೈಬದಲಾಯಿತೆಂಬ ಸುದ್ದಿ ಬಂದರೆ ಶಿರಸಿ ಸೀಮೆಯಲ್ಲಿ ಬರುವುದು ಎಕರೆ, ಗುಂಟೆಗಳ ಸುದ್ದಿ.

ಹಾಗಾದರೆ ಈ ಸಣ್ಣ ತೋಟಗಳನ್ನು ಯಾಕೆ ಮಾರುತ್ತಿದ್ದಾರೆ? ಅಡಿಕೆಗೆ ಬೆಲೆಯಿಲ್ಲವೆಂದಲ್ಲ. 1923ರಲ್ಲಿ ಹುಟ್ಟಿದ ಶಿರಸಿಯ ತೋಟಗಾರ್ಸ್ ಸೊಸೈಟಿ, ಊರವರ ಬಾಯಲ್ಲಿ ಟಿಎಸ್‌ಎಸ್, ದಲಾಲರ ಹಿಡಿತದಿಂದ ಬೆಳೆಗಾರರನ್ನು ಬಿಡಿಸಿ ನೂರು ವರ್ಷ ದಾಟಿದೆ. ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು ಎಂದು ಬಗೆಬಗೆಯಾಗಿ ಟೆಂಡರಿಗೆ ಹೋಗುವ ಅಡಿಕೆಗೆ ಇಲ್ಲಿ ಮಾರುಕಟ್ಟೆಯ ಕೊರತೆಯಿಲ್ಲ. 2019ರಲ್ಲಿ 'ಶಿರಸಿ ಸುಪಾರಿ'ಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ಗುರುತು ಸಲ್ಲುವುದು ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕಿನ ಅಡಿಕೆಗೇ. ಇಷ್ಟಿದ್ದೂ ತೋಟ ಮಾರುವವರಿದ್ದಾರೆ. ಯಾಕೆಂದರೆ ಮನೆಯಲ್ಲಿ ಉಳಿದವರು ಇಬ್ಬರು, ಇಬ್ಬರಿಗೂ ಎಪ್ಪತ್ತು ದಾಟಿದೆ.

ಜೂನ್ ಮೊದಲ ಮಳೆ ಬೀಳುವುದರೊಳಗೆ ಕೊಳೆರೋಗಕ್ಕೆ ಮದ್ದು ಹೊಡೆಸಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೋರ್ಡೋ ದ್ರಾವಣ ತಯಾರಿಸುವುದು ಕಷ್ಟವಲ್ಲ. ಅದನ್ನು ಐವತ್ತು ಅರವತ್ತು ಅಡಿ ಎತ್ತರದ ಕೊನೆಗೆ ಮುಟ್ಟಿಸುವ ಕೈ ಬೇಕು. ಮರದ ತುದಿಯಲ್ಲಿ ಕೂತು, ಇಳಿಯದೆಯೇ ಪಕ್ಕದ ಮರವನ್ನು ಬಳಿಗೆಳೆದುಕೊಂಡು ಅದಕ್ಕೆ ದಾಟುವ ಕೊನೆಗೌಡ ಹತ್ತಾರು ಮನೆಗಳಿಗೆ ಒಬ್ಬನೇ ಇರುತ್ತಾನೆ. ಅವನು ನಾಲ್ಕು ದಿನ ತಡವಾಗಿ ಬಂದರೆ, ಆ ನಾಲ್ಕು ದಿನ ಬಿಡದೆ ಮಳೆ ಸುರಿದರೆ, ವರ್ಷದ ಫಸಲು ಮರದ ಬುಡದಲ್ಲಿ ಬಿದ್ದಿರುತ್ತದೆ. ಈಗ ಕೆಳಗೇ ನಿಂತು ಮದ್ದು ಹೊಡೆಯುವ, ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಬಂದು ಸ್ವಲ್ಪ ಉಸಿರಾಡುವಂತಾಗಿದೆ. ಅದರ ಬೆನ್ನಿಗೇ ಎಲೆಚುಕ್ಕಿ ರೋಗ ಹಬ್ಬಿ, ಮರದ ಸೋಗೆಯೇ ಸುಟ್ಟಂತಾಗುವುದನ್ನು ನೋಡಿದವರ ಧೈರ್ಯ ಉಡುಗಿದೆ. ಬೆಂಗಳೂರಿನ ಮಗ ದೀಪಾವಳಿಗೆ ಬಂದಾಗ ಮಾತು ಶುರುವಾಗುತ್ತದೆ. ಯಾರೂ ಇದನ್ನು ಸುಮ್ಮನೆ ಶುರುಮಾಡುವುದಿಲ್ಲ. ಅಪ್ಪ ನೆಟ್ಟ ಮರವನ್ನು ಮಾರುವ ಮಾತು ಅಪ್ಪನೆದುರೇ ಆಡುವುದು ಮಗನಿಗೂ ಸುಲಭವಲ್ಲ.

ಮಾರದೆ ಬೇರೆಯವರಿಗೆ ಮಾಡಲು ಕೊಡಬಹುದಲ್ಲ ಎಂದು ಹೊರಗಿನವರು ಕೇಳುತ್ತಾರೆ. ಕೊಡುವಂತಿಲ್ಲ. ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿಯಂತೆ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವನಿಗೆ ಒಡೆತನ ಬಂತು. ಸಿದ್ದಾಪುರಕ್ಕೆ ತಾಗಿದ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಎದ್ದ ಗೇಣಿದಾರರ ಸತ್ಯಾಗ್ರಹದ ಬೆನ್ನಿಗೆ ಬಂದ ನ್ಯಾಯ ಅದು, ಬರಲೇಬೇಕಿದ್ದ ನ್ಯಾಯ. ಇಲ್ಲಿ ಸಾವಿರಾರು ಮನೆಗಳು ಇಂದು ಸ್ವಂತ ತೋಟದಲ್ಲಿ ನಿಂತಿರುವುದು ಆ ಕಾಯ್ದೆಯಿಂದ. ಅದೇ ಕಾಯ್ದೆಯ 5ನೇ ಕಲಂ ಹೊಸದಾಗಿ ಕೃಷಿಭೂಮಿಯನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿತು. ಸೈನಿಕರಂಥ ಕೆಲವರಿಗಷ್ಟೇ ವಿನಾಯಿತಿ. ಹೀಗಾಗಿ ಊರುಬಿಟ್ಟವರಿಗೆ ಉಳಿಯುವ ದಾರಿ ಮೂರು: ನಂಬಿಕೆಯ ಮೇಲೆ ಬಾಯಿಮಾತಿನ ವ್ಯವಹಾರ, ಪಾಳು ಬಿಡುವುದು, ಮಾರುವುದು. ಬಾಯಿಮಾತಿನಲ್ಲಿ ತೋಟ ಮಾಡುವವನಿಗೆ ನಾಳೆಯ ಭರವಸೆಯಿಲ್ಲ. ಅವನು ಫಸಲು ಇಳಿಸುತ್ತಾನೆ. ಬೆಟ್ಟಕ್ಕೆ ಹೋಗಿ ಸೊಪ್ಪು ತಂದು ಹೊದಿಸುವ ಶ್ರಮ ಹಾಕುವುದಿಲ್ಲ. ಹಾಕಬೇಕೆಂದು ನಿರೀಕ್ಷಿಸುವುದೂ ತಪ್ಪು.

ಮಾರುವಾಗಲೂ ಮನೆಯೊಳಗಿನ ಲೆಕ್ಕ ಮೊದಲು ಮುಗಿಯಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿತು. ಅಕ್ಕತಂಗಿಯರ ಸಹಿಯಿಲ್ಲದ ಕ್ರಯಪತ್ರ ಮುಂದೆ ಕೋರ್ಟಿಗೆ ಹೋಗುತ್ತದೆ. ಅದೇ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂ ಪ್ರಕಾರ, ಸಹವಾರಸುದಾರರಲ್ಲಿ ಒಬ್ಬರು ಪಾಲು ಮಾರುವುದಿದ್ದರೆ ಉಳಿದವರಿಗೆ ಕೊಳ್ಳುವ ಮೊದಲ ಅವಕಾಶವಿದೆ. ಕೃಷಿಭೂಮಿಗೂ ಇದು ಅನ್ವಯಿಸುತ್ತದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಮ್ಮನಿಗೆ, ದಾಯಾದಿಗೆ, ಪಕ್ಕದ ತೋಟದವನಿಗೆ ಒಂದು ಮಾತು ಕೇಳಿ ಆಮೇಲೆ ಹೊರಗೆ ಹೇಳುವ ಹಳೆಯ ನಡಾವಳಿ ಊರಿನಲ್ಲಿ ಇದ್ದೇ ಇತ್ತು. ಅದಕ್ಕೆ ಒಳ್ಳೆಯ ಕಾರಣವೂ ಇತ್ತು. ಪಕ್ಕದವನಿಗೆ ಅಬ್ಬಿ ಯಾವ ತಿಂಗಳು ಬತ್ತುತ್ತದೆ, ಯಾರ ಕಾಲುವೆ ಯಾರ ತೋಟದಲ್ಲಿ ಹಾಯುತ್ತದೆ, ಜಂಟಿ ಬೆಟ್ಟದಲ್ಲಿ ಯಾರ ಸೊಪ್ಪಿನ ಗಡಿ ಎಲ್ಲಿ, ಇವನ್ನೆಲ್ಲ ಯಾರೂ ಹೇಳಿಕೊಡಬೇಕಿರಲಿಲ್ಲ.

2020ರಲ್ಲಿ ಬಾಗಿಲು ಅಗಲವಾಯಿತು. ಅಲ್ಲಿಯವರೆಗೆ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಕೃಷಿಕರಲ್ಲದವರು, ಕೃಷಿಯೇತರ ಆದಾಯ ಮಿತಿ ಮೀರಿದವರು ಜಮೀನು ಕೊಳ್ಳುವುದನ್ನು ತಡೆದಿದ್ದವು. ಆ ವರ್ಷದ ತಿದ್ದುಪಡಿ ಅವನ್ನು ತೆಗೆದುಹಾಕಿತು. ಈಗ ಯಾರು ಬೇಕಾದರೂ ಕೊಳ್ಳಬಹುದು, ಭೂಮಿತಿಯೊಳಗೆ. ಬಂದವರೆಲ್ಲ ಕೆಟ್ಟವರೆಂದು ನಾನು ಹೇಳಲಾರೆ. ಇಲ್ಲಿಯವರದೇ ಮಕ್ಕಳಾಗಿ, ಕಂಪ್ಯೂಟರ್ ಕೆಲಸದಲ್ಲಿ ದುಡಿದು, ಮರಳಿ ಬಂದು ತೋಟ ಕೊಂಡು ಮಳೆಗಾಲದಲ್ಲಿ ಉಂಬಳ ಕಚ್ಚಿಸಿಕೊಂಡು ಕಾಲುವೆ ಬಿಡಿಸುವವರಿದ್ದಾರೆ. ಅಂಥವರು ಊರಿಗೆ ಬೇಕು. ಚಿಂತೆಯಿರುವುದು ತೋಟವನ್ನು ನೋಟಕ್ಕಾಗಿ ಕೊಳ್ಳುವವರ ಬಗ್ಗೆ. ಅವರಿಗೆ ಮೊದಲು ಬೇಕಾಗುವುದು ಕಾರು ಅಂಗಳದವರೆಗೆ ಬರುವ ರಸ್ತೆ. ತಲೆಹೊರೆಯಲ್ಲಿ ಅಡಿಕೆ ಸಾಗಿಸುತ್ತಿದ್ದ ಕಾಲುದಾರಿಗೆ ಜೆಸಿಬಿ ಇಳಿಯುತ್ತದೆ, ಗುಡ್ಡದ ಬುಡ ಕಡಿಯುತ್ತದೆ. ದಾರಿ ಬೆಟ್ಟದಲ್ಲಿ ಹಾದಿದ್ದರೆ ಅದು ಅರಣ್ಯ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಒಪ್ಪಿಗೆಯಿಲ್ಲದೆ ಅಲ್ಲಿ ಬೇರೆ ಉಪಯೋಗಕ್ಕೆ ಅವಕಾಶವಿಲ್ಲ.

ಗುಡ್ಡದ ಬುಡ ಅಲುಗಿದರೆ ಏನಾಗುತ್ತದೆಂದು ಯಲ್ಲಾಪುರ ತಾಲ್ಲೂಕಿನ ಕಳಚೆಯನ್ನು ನೋಡಿದವರಿಗೆ ಹೇಳಬೇಕಿಲ್ಲ. 2021ರ ಜುಲೈನಲ್ಲಿ ಸುರಿದ ಮಳೆಗೆ ಅಲ್ಲಿ ಗುಡ್ಡಗಳೇ ಜಾರಿ ಬಂದವು. ಮನೆ, ರಸ್ತೆ, ತಲೆಮಾರುಗಳ ಅಡಿಕೆ ತೋಟ ಮಣ್ಣಿನಡಿ ಹೋದವು. ಅಂಥ ಮಳೆಯನ್ನು ಯಾರೂ ತಡೆಯಲಾರರು. ಆದರೆ ಅಂಥ ಮಳೆ ಮತ್ತೆ ಬರಲಿದೆಯೆಂದು ಗೊತ್ತಿದ್ದೂ ಇಳಿಜಾರನ್ನು ಸೀಳುವುದು ನಮ್ಮ ಕೈಯ ಕೆಲಸ, ಅದನ್ನು ಬಿಡಬಹುದು.

ಬೆಟ್ಟ ಹಾಳಾಗಿರುವುದಕ್ಕೆ ಹೊರಗಿನವರನ್ನು ಮಾತ್ರ ದೂರಿದರೆ ಅನ್ಯಾಯ. ಸೊಪ್ಪು ಕಡಿದು ಕಡಿದು ಮರಗಳು ಕಂಬದಂತಾದ ಬೆಟ್ಟಗಳು ನಮ್ಮವರ ಕೈಯಲ್ಲೇ ಹಾಗಾದವು. ಬೇಲಿ ಹಾಕಿ, ದನ ತಡೆದು, ಸರದಿಯಲ್ಲಿ ಸೊಪ್ಪು ಕಡಿದು ಕಾನಿನಂತೆ ಬೆಳೆಸಿದ ಬೆಟ್ಟಗಳೂ ಪಕ್ಕದಲ್ಲೇ ಇವೆ. ಎರಡರ ನಡುವಿನ ವ್ಯತ್ಯಾಸ ಏಪ್ರಿಲ್ ತಿಂಗಳ ಬಾವಿಯಲ್ಲಿ ಕಾಣುತ್ತದೆ. ಈ ನಾಡು ಕಾಡಿಗಾಗಿ ನಿಂತ ಇತಿಹಾಸವೂ ಸಣ್ಣದಲ್ಲ. ಬೇಡ್ತಿ ಜಲವಿದ್ಯುತ್ ಯೋಜನೆ ತೋಟ, ಕಾಡುಗಳನ್ನು ಮುಳುಗಿಸಲು ಹೊರಟಾಗ 1981ರ ಜನವರಿಯಲ್ಲಿ ಶಿರಸಿಯ ತೋಟಗಾರ್ಸ್ ಸೊಸೈಟಿಯಲ್ಲೇ ವಿಜ್ಞಾನಿಗಳನ್ನು ಕರೆಸಿ ಲಾಭನಷ್ಟದ ಲೆಕ್ಕ ಹಾಕಿಸಿದರು, ಯೋಜನೆ ನಿಂತಿತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ, ಕಡಿಯುವುದನ್ನು ತಡೆಯಲು ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರ ಮುಂದಾಳತ್ವದ ಆ ಅಪ್ಪಿಕೋ ಚಳವಳಿ ರಾಜ್ಯದಾಚೆಗೂ ಹೆಸರಾಯಿತು. ಕಾಡು ಉಳಿಸಲು ಹೋದವರಲ್ಲಿ ಬಹಳ ಮಂದಿ ತೋಟ, ಬೆಟ್ಟ ಇದ್ದವರೇ. ಬೇಸಿಗೆಯಲ್ಲಿ ನೀರು ಎಲ್ಲಿಂದ ಬರುತ್ತದೆಂಬುದು ಅವರಿಗೆ ಪುಸ್ತಕದಿಂದ ತಿಳಿಯಬೇಕಿರಲಿಲ್ಲ. ಬೆಟ್ಟವನ್ನು ಬಳಸುವ ಒಂದು ಮನೆ ಖಾಲಿಯಾದರೆ ಅದನ್ನು ಕಾಯುವ ಒಂದು ಮನೆಯೂ ಖಾಲಿಯಾಯಿತು ಎಂದೇ ನಾನು ಎಣಿಸುತ್ತೇನೆ.

ಆದ್ದರಿಂದ ಕೊಳ್ಳಲು ಬರುವವರಿಗೆ ಒಂದೆರಡು ಮಾತು. ಜಾಗವನ್ನು ಸೆಪ್ಟೆಂಬರಿನಲ್ಲಿ ನೋಡಿ ಮರುಳಾಗಬೇಡಿ; ಏಪ್ರಿಲ್ ಕೊನೆಗೆ ಬಂದು ಅಬ್ಬಿಯವರೆಗೆ ಹತ್ತಿ ಹೋಗಿ. ಜುಲೈ ನಡುವಿನಲ್ಲಿ ಇನ್ನೊಮ್ಮೆ ಬಂದು ಕಾಲುವೆ, ದರೆ ನೋಡಿ. ಪಹಣಿ, ಋಣಭಾರ ಪತ್ರದ ಜೊತೆಗೆ ಸರ್ವೆ ನಕ್ಷೆ ತೆಗೆಸಿ, ಬಾಗಾಯತದ ಗಡಿ, ಬೆಟ್ಟದ ಗಡಿ, ಅತಿಕ್ರಮಣದ ಗಡಿ ಬೇರೆಬೇರೆಯಾಗಿ ತೋರಿಸಿ ಎಂದು ಕೇಳಿ. ತೋಟದಂಚಿಗೆ ಬೆಟ್ಟದೊಳಕ್ಕೆ ನೆಟ್ಟ ಹೊಸ ಅಡಿಕೆ ಎಷ್ಟೇ ಚೆನ್ನಾಗಿದ್ದರೂ ಅದು ನಿಮ್ಮದಾಗುವುದಿಲ್ಲ. ಅರಣ್ಯ ಅತಿಕ್ರಮಣ ಸಕ್ರಮಕ್ಕೆ ಸರ್ಕಾರ ಹಾಕಿದ ಗಡುವು 1978ರ ಏಪ್ರಿಲ್ 27. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದವರಿಗೆ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸದ ಸಾಕ್ಷ್ಯ ಕೇಳುತ್ತದೆ. ಈಚೆಗೆ ಬಂದು ಕ್ರಯಕ್ಕೆ ಪಡೆದವರಿಗೆ ಇವೆರಡೂ ಆಸರೆಯಲ್ಲ. ನೆರೆಮನೆಯವರ ಜೊತೆ ಜಗಲಿಯಲ್ಲಿ ಕೂತು ಕವಳ ಹಾಕುವಷ್ಟು ಹೊತ್ತು ಮಾತಾಡಿ. ನೀರಿನ ಪಾಳಿ, ದಾರಿಯ ವಹಿವಾಟು, ಬೆಟ್ಟದ ಜಗಳ ಯಾವುದೂ ಕ್ರಯಪತ್ರದಲ್ಲಿ ಬರೆದಿರುವುದಿಲ್ಲ.

ಸರ್ಕಾರಕ್ಕೂ ಸಹಕಾರ ಸಂಘಗಳಿಗೂ ಇನ್ನೂ ದೊಡ್ಡ ಕೆಲಸವಿದೆ. ಇವತ್ತು ಮಾರಾಟಕ್ಕಿರುವ ತೋಟಗಳಲ್ಲಿ ಹಲವು ನಿಜವಾಗಿ ಮಾರಲೇಬೇಕಾದವಲ್ಲ, ನೋಡಿಕೊಳ್ಳುವವರಿಲ್ಲದೆ ಮಾರಾಟಕ್ಕೆ ಬಂದವು. 2016ರಲ್ಲಿ ನೀತಿ ಆಯೋಗ ಮಾಡಿದ ಮಾದರಿ ಕೃಷಿಭೂಮಿ ಗುತ್ತಿಗೆ ಕಾಯ್ದೆ, ಒಡೆಯನ ಹಕ್ಕಿಗೆ ಧಕ್ಕೆಯಿಲ್ಲದೆ, ಮಾಡುವವನಿಗೆ ನಿಗದಿತ ಅವಧಿಯ ಭದ್ರತೆ ಕೊಡುವ ದಾರಿ ತೋರಿಸಿದೆ. ಮಲೆನಾಡಿನ ಬಾಗಾಯತಕ್ಕೆ ಮಾತ್ರವಾದರೂ, ಊರಿನ ಸಹಕಾರ ಸಂಘದ ಮೂಲಕ ಮಾತ್ರವಾದರೂ, ಅಂಥ ಗುತ್ತಿಗೆಗೆ ಅವಕಾಶ ಕೊಡಬೇಕು. 1974ರಲ್ಲಿ ಗೆದ್ದ ಗೇಣಿದಾರನ ಹಕ್ಕು ಮತ್ತೆ ಕೈತಪ್ಪದಂತೆ ಕಟ್ಟಳೆ ಬಿಗಿಯಾಗಿರಲಿ: ಗುತ್ತಿಗೆ ಕನಿಷ್ಠ ಹತ್ತು ವರ್ಷದ್ದಾಗಿರಲಿ, ಮೊದಲ ಅವಕಾಶ ಊರಿನ ಕೂಲಿಕಾರ ಕುಟುಂಬಗಳಿಗೆ ಸಿಗಲಿ, ಕರಾರಿನಲ್ಲಿ ಬೆಟ್ಟದ ಸರದಿಯೂ ಬರೆದಿರಲಿ. ದೋಟಿ ತಂಡ, ಮದ್ದಿನ ತಂಡ, ಒಣಗಿಸುವ ಡ್ರೈಯರ್ ಒಂದೂವರೆ ಎಕರೆಯ ಒಬ್ಬ ಮುದುಕನಿಗೆ ಎಟುಕುವುದಿಲ್ಲ, ನೂರು ತೋಟಗಳ ಸಂಘಕ್ಕೆ ಎಟುಕುತ್ತದೆ. ಅಡಿಕೆ ಮಾರುವ ಕಷ್ಟಕ್ಕೆ 1923ರಲ್ಲಿ ಪರಿಹಾರ ಕಂಡುಕೊಂಡ ಸೀಮೆ ಇದು. ತೋಟ ಮಾಡುವ ಕಷ್ಟಕ್ಕೂ ಅದೇ ಸಂಘಗಳ ಸಭೆಯಲ್ಲಿ, ಈ ವರ್ಷದ ಕೊನೆ ಕೊಯ್ಲಿಗೆ ಮೊದಲೇ ಮಾತು ಶುರುವಾಗಲಿ.